ಬಿಳಿ ಇ4 ಆಡಿದರೆ ಕಪ್ಪಿನಲ್ಲಿ ಎಂತ ಆಡೂದು? ನಾಲ್ಕು ಓಪನಿಂಗ್‌ಗಳ ಹೋಲಿಕೆ

ಶಿರಸಿ, ಕುಮಟಾ, ಕಾರವಾರ, ಎಲ್ಲಿ ಚೆಸ್ ಟೂರ್ನಮೆಂಟ್ ನಡೆದರೂ ಮುಗಿದ ಮೇಲೆ ಬರುವ ಪ್ರಶ್ನೆ ಒಂದೇ. "ಮಾಣಿ ಕಪ್ಪಿನಲ್ಲಿ ಬರೀ ಸೋಲ್ತಾನೆ, ಸಿಸಿಲಿಯನ್ ಕಲಿಸೂದೋ, ಕಾರೋ-ಕಾನ್ ಕಲಿಸೂದೋ?" ಕೇಳುವವರಲ್ಲಿ ಅಪ್ಪ ಅಮ್ಮಂದಿರೇ ಜಾಸ್ತಿ. ಈಚೆಗೆ ಕಾಲೇಜಿನವರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ತೋಟದ ಕೆಲಸ ಮುಗಿಸಿ ರಾತ್ರಿ ಫೋನಿನಲ್ಲಿ ಆಡುವವರೂ ಸೇರಿಕೊಂಡಿದ್ದಾರೆ. ಯೂಟ್ಯೂಬಿನಲ್ಲಿ ನೋಡಿದರೆ ಎಲ್ಲ ಓಪನಿಂಗೂ (ಆಟದ ಶುರುವಿನ ನಡೆಗಳ ಕ್ರಮ) ಶ್ರೇಷ್ಠ, ಎಲ್ಲದರಲ್ಲೂ ಎಂಟೇ ನಡೆಯಲ್ಲಿ ಗೆಲುವು. ಎದುರಾಳಿ ಮಾತ್ರ ಆ ವಿಡಿಯೋದಲ್ಲಿ ತೋರಿಸಿದ ಹಾಗೆ ಆಡುವುದಿಲ್ಲ, ಅಷ್ಟೇ.

ಇಲ್ಲಿ ಹೇಳುವುದು ಕಪ್ಪಿನ ವಿಚಾರ ಮಾತ್ರ, ಅದೂ ಬಿಳಿ ಮೊದಲ ನಡೆಯಲ್ಲಿ ಇ4 ಆಡಿದಾಗ, ಅಂದರೆ ರಾಜನ ಎದುರಿನ ಪಾನ್ (ಕಾಲಾಳು) ಎರಡು ಮನೆ ಮುಂದೆ ತಳ್ಳಿದಾಗ. ಅಕ್ಷರ ಬೋರ್ಡಿನ ಉದ್ದ ಸಾಲು, ಅಂಕಿ ಅಡ್ಡ ಸಾಲು; ಕಾಯಿಯ ಹೆಸರು ಹೇಳದಿದ್ದರೆ ಆಡಿದ್ದು ಪಾನ್. ಬಿಳಿಯಲ್ಲಿ ಆಡುವಾಗ ದಾರಿಯನ್ನು ನೀವೇ ಆರಿಸುತ್ತೀರಿ, ತಲೆಬಿಸಿ ಕಡಿಮೆ. ಕಪ್ಪಿನಲ್ಲಿ ಎದುರಿನವರು ಶುರು ಮಾಡಿದ್ದಕ್ಕೆ ಉತ್ತರ ಕೊಡಬೇಕು. ನಮ್ಮ ಕಡೆ ಶಾಲೆ ಮಕ್ಕಳಿಂದ ಹಿಡಿದು ರಿಟೈರ್ ಆದವರ ತನಕ ಹೆಚ್ಚಿನವರು ಆಡುವುದು ಇ4, ಹಾಗಾಗಿ ಓದಿದ್ದು ಬೇಗ ಕೆಲಸಕ್ಕೆ ಬರುವುದೂ ಇಲ್ಲೇ. ಹೋಲಿಸಲು ಇಟ್ಟುಕೊಂಡದ್ದು ನಾಲ್ಕು: ಇ5, ಸಿ5 ಅಂದರೆ ಸಿಸಿಲಿಯನ್, ಸಿ6 ಅಂದರೆ ಕಾರೋ-ಕಾನ್, ಇ6 ಅಂದರೆ ಫ್ರೆಂಚ್.

ಮೊದಲು ಸೋತ ಆಟಗಳನ್ನು ತೆಗೆಯಿರಿ

ಓಪನಿಂಗ್ ಆರಿಸುವ ಮೊದಲು ಒಂದು ಕೆಲಸ ಇದೆ. ಕಪ್ಪಿನಲ್ಲಿ ಈಚೆಗೆ ಸೋತ ಏಳೆಂಟು ಆಟಗಳನ್ನು ಒಟ್ಟು ಮಾಡಿ. ಕ್ಲಾಸಿಕಲ್, ಅಂದರೆ ಗಂಟೆಗಟ್ಟಲೆ ಸಮಯ ಇರುವ ಟೂರ್ನಮೆಂಟ್ ಆಡಿದ್ದರೆ ಸ್ಕೋರ್ ಶೀಟ್ ಇದ್ದೇ ಇರುತ್ತದೆ. ಆದರೆ ನಮ್ಮ ಊರುಗಳಲ್ಲಿ ಭಾನುವಾರ ನಡೆಯುವುದು ಹೆಚ್ಚಾಗಿ ರ‍್ಯಾಪಿಡ್. ಸಮಯ ಕಡಿಮೆ ಇರುವ ಆ ಆಟದಲ್ಲಿ ನಡೆ ಬರೆಯುವುದು ಕಡ್ಡಾಯವಲ್ಲ, ಹಾಗಾಗಿ ಯಾರೂ ಬರೆಯುವುದಿಲ್ಲ. ಮಗು ಆಟ ಮುಗಿಸಿ ಬಂದ ತಕ್ಷಣ, ಐಸ್ ಕ್ರೀಮ್ ಕೊಡಿಸುವ ಮೊದಲೇ, ಶುರುವಿನ ಹನ್ನೆರಡು ನಡೆಗಳನ್ನು ಫೋನಿನಲ್ಲಿ ಹಾಕಿಸಿಡಿ. ಸಂಜೆ ಕೇಳಿದರೆ ನೆನಪಿರುವುದಿಲ್ಲ.

ಈ ಆಟಗಳನ್ನು ನೋಡುವಾಗ ಮೊದಲು ಎಂಜಿನ್ (ನಡೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಬಂದ್ ಇರಲಿ. ಬೋರ್ಡ್ ಮೇಲೆ ಕಾಯಿ ಇಟ್ಟು ಆಟವನ್ನು ಮತ್ತೆ ಆಡಿ. "ಇಲ್ಲಿ ಏನು ಮಾಡಬೇಕು ಅಂತಲೇ ಗೊತ್ತಾಗಲಿಲ್ಲ" ಅನ್ನಿಸಿದ ನಡೆಗೆ ಗುರುತು ಹಾಕಿ. ಆಮೇಲೆ ಚೆಸ್ ವೆಬ್‌ಸೈಟ್ ಲಿಚೆಸ್‌ನ ಓಪನಿಂಗ್ ಎಕ್ಸ್‌ಪ್ಲೋರರ್‌ನಲ್ಲಿ ಅದೇ ನಡೆಗಳನ್ನು ಹಾಕಿ ನೋಡಿ. ಅಲ್ಲಿ ಮಾಸ್ಟರ್‌ಗಳ ಆಟ ಬೇರೆ, ಸಾಮಾನ್ಯ ಆಟಗಾರರ ಆಟ ಬೇರೆ ಇದೆ, ಎರಡನೆಯದನ್ನು ರೇಟಿಂಗ್ (ಆಟಗಾರರ ಮಟ್ಟದ ಅಂಕ) ಪ್ರಕಾರ ಸೋಸಿ ನೋಡಬಹುದು. ನಿಮ್ಮ ಮಟ್ಟದವರು ಅದೇ ಜಾಗದಲ್ಲಿ ಏನು ಆಡುತ್ತಾರೆ, ಅದರಿಂದ ಏನಾಗುತ್ತದೆ ಅಂತ ಎರಡೇ ನಿಮಿಷದಲ್ಲಿ ಕಾಣುತ್ತದೆ. ಸ್ಟಾಕ್‌ಫಿಶ್ ಅನ್ನುವ ಎಂಜಿನ್ ಎಲ್ಲಕ್ಕಿಂತ ಕೊನೆಗೆ. ಅದನ್ನೇ ಮೊದಲು ಹಾಕಿದರೆ ಯಾರು ಎಷ್ಟು ಮುಂದೆ ಅಂತ 0.7, 1.2 ಥರದ ಅಂಕಿ ಬರುತ್ತದೆ, ಹುಡುಗ ಅಂಕಿ ನೋಡಿ ತಲೆ ಆಡಿಸುತ್ತಾನೆ, ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ.

ಹೀಗೆ ನೋಡಿದರೆ ಸೋತ ಆಟಗಳು ತಾವೇ ಗುಂಪಾಗುತ್ತವೆ. ಹನ್ನೆರಡನೇ ನಡೆಯ ಒಳಗೇ ಕಾಯಿ ಕಳೆದುಕೊಂಡದ್ದು ಒಂದು ಗುಂಪು. ಓಪನಿಂಗ್ ಸರಿಯಾಗಿ ಮುಗಿಸಿಯೂ ಮುಂದೇನು ಅಂತ ತಿಳಿಯದೆ ಸುಮ್ನೆ ಕಾಯಿ ಆಚೀಚೆ ಮಾಡುತ್ತಾ ಸೋತದ್ದು ಇನ್ನೊಂದು. ಓಪನಿಂಗ್ ಚೆನ್ನಾಗಿಯೇ ಬಂದು ಮೂವತ್ತನೇ ನಡೆಯಲ್ಲಿ ಆನೆಯನ್ನು ಪುಕ್ಕಟೆ ಕೊಟ್ಟದ್ದು ಮೂರನೆಯದು. ಈ ಮೂರನೇ ಗುಂಪೇ ದೊಡ್ಡದಿದ್ದರೆ ಇದನ್ನು ಇಲ್ಲಿಗೇ ಬಿಟ್ಟು ದಿನಾ ಪಜಲ್ ಬಿಡಿಸಿ. ಓಪನಿಂಗ್ ಬದಲಿಸಿದರೆ ಆನೆ ಹೋಗುವುದು ನಿಲ್ಲುವುದಿಲ್ಲ. ಎರಡನೇ ಗುಂಪು ದೊಡ್ಡದಿದ್ದವರಿಗೆ ಮುಂದೆ ಬರೆದಿರುವುದು ಜಾಸ್ತಿ ಉಪಯೋಗ. ಯಾಕೆಂದರೆ ಓಪನಿಂಗ್ ಆರಿಸುವುದು ಅಂದರೆ ಮೊದಲ ಐದು ನಡೆ ಆರಿಸುವುದಲ್ಲ. ಹನ್ನೆರಡು ನಡೆ ಆದ ಮೇಲೆ ಬೋರ್ಡ್ ಹೇಗಿದ್ದರೆ ನಿಮಗೆ ಆಡಲು ಖುಷಿ, ಅದನ್ನು ಆರಿಸುವುದು.

ಯಾವುದರ ಮೇಲೆ ಅಳೆಯುವುದು

ನಾನು ನೋಡುವುದು ಹೀಗೆ. ಎಷ್ಟು ಬಾಯಿಪಾಠ ಬೇಕು? ಕಲಿತದ್ದು ಬೋರ್ಡ್ ಮೇಲೆ ನಿಜವಾಗಿ ಬರುತ್ತದಾ, ಇಲ್ಲಾ ಎದುರಿನವರು ಬೇರೇನೋ ಆಡಿ ತಪ್ಪಿಸಿಬಿಡುತ್ತಾರಾ? ಒಂದು ನಡೆ ಮರೆತರೆ ಸ್ವಲ್ಪ ಹಿಂದೆ ಬೀಳುತ್ತೀರಾ, ಸೀದಾ ಸೋಲುತ್ತೀರಾ? ಮತ್ತೆ ಸಮಯ, ದುಡ್ಡು.

ಸಮಯದ ಲೆಕ್ಕ ನಮ್ಮ ಜಿಲ್ಲೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು. ಬೈತಖೋಲದ ಬೋಟಿನವರಿಗೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ಬಂದ್, ಕೂತು ಓದುವುದಿದ್ದರೆ ಆಗಲೇ. ಶಿರಸಿ ಸಿದ್ದಾಪುರದ ಅಡಿಕೆ ತೋಟದವರಿಗೆ ಆಗಲೇ ಕೊಳೆ ಔಷಧಿ ಹೊಡೆಯುವ ಗಡಿಬಿಡಿ, ಕೊನೆಕೊಯ್ಲು ಶುರುವಾದ ಮೇಲಂತೂ ಚೆಸ್ ಬೋರ್ಡ್ ಕಪಾಟಿನಿಂದ ಕೆಳಗೆ ಇಳಿಯುವುದಿಲ್ಲ. ಮಕ್ಕಳಿಗೆ ಏಪ್ರಿಲ್, ಮೇ. ವರ್ಷಕ್ಕೆ ಎರಡು ತಿಂಗಳು ಮಾತ್ರ ಓದಿ ಉಳಿದ ಹತ್ತು ತಿಂಗಳು ಅದರಲ್ಲೇ ಆಡುವವರಿಗೆ ಮರೆತರೂ ನಡೆಯುವ ಓಪನಿಂಗ್ ಬೇಕು. ಇದು ಚಿಕ್ಕ ಮಾತಲ್ಲ.

ಇನ್ನೊಂದು, ಡ್ರಾ ಸಾಕಾ ಅನ್ನುವುದು. ದೊಡ್ಡ ಆಟಗಾರರನ್ನು ನೋಡಿ ಓಪನಿಂಗ್ ಆರಿಸುವವರು ಇದನ್ನು ಮರೆಯುತ್ತಾರೆ. 2025ರ ಕೊನೆಗೆ ನಮ್ಮ ಪಕ್ಕದ ಗೋವಾದಲ್ಲೇ ವಿಶ್ವಕಪ್ ನಡೆಯಿತಲ್ವಾ, ಅದು ನಾಕೌಟ್. ಒಬ್ಬರ ಎದುರು ಎರಡು ಕ್ಲಾಸಿಕಲ್ ಆಟ, ಸಮ ಆದರೆ ಟೈಬ್ರೇಕ್. ಕಪ್ಪಿನಲ್ಲಿ ಡ್ರಾ ಮಾಡಿಕೊಂಡು ಬಿಳಿಯಲ್ಲಿ ಗೆಲ್ಲಲು ನೋಡುವುದು ಅಲ್ಲಿ ಜಾಣತನ. ಸೋತರೂ ಯಾರೂ ಹೊರಬೀಳದೆ ಎಲ್ಲ ರೌಂಡ್ ಆಡುವ ನಮ್ಮ ಒಂದು ದಿನದ ಸ್ವಿಸ್ ಟೂರ್ನಮೆಂಟ್‌ನಲ್ಲಿ ಆರೋ ಏಳೋ ರೌಂಡ್, ಅದರಲ್ಲಿ ಎರಡು ಡ್ರಾ ಆದರೆ ಬಹುಮಾನ ಮರೆತಂತೆ. ಎದುರಾಳಿ ನಿಮಗಿಂತ ಕಡಿಮೆಯವನಾದರೆ ಕಪ್ಪಿನಲ್ಲೂ ಗೆಲ್ಲಲೇಬೇಕು.

ಇ5

ಹತ್ತು ವರ್ಷದೊಳಗಿನ ಮಕ್ಕಳಿಗೆ, ಆಟ ಕಲಿತು ವರ್ಷ ತುಂಬದವರಿಗೆ, ನನ್ನ ಪ್ರಕಾರ ಬೇರೆ ಚರ್ಚೆ ಬೇಡ. ಇ5 ಆಡಿ. ಕುದುರೆ ಹೊರಗೆ, ಒಂಟೆ ಹೊರಗೆ, ಕ್ಯಾಸಲಿಂಗ್ (ರಾಜನನ್ನು ಆನೆಯ ಕಡೆ ಸರಿಸಿ ಭದ್ರ ಮಾಡುವುದು). ಮೂಲ ಪಾಠಗಳೆಲ್ಲ ಇದರಲ್ಲೇ ಬರುತ್ತವೆ. 1858ರಲ್ಲಿ ಪ್ಯಾರಿಸ್ಸಿನ ಒಪೆರಾ ಹೌಸಿನಲ್ಲಿ ಪಾಲ್ ಮಾರ್ಫಿ 17 ನಡೆಯಲ್ಲಿ ಗೆದ್ದ ಆಟವನ್ನು ಎಲ್ಲ ಕೋಚ್‌ಗಳೂ ಮೊದಲು ತೋರಿಸುವುದು ಸುಮ್ಮನೆ ಅಲ್ಲ. ಅದರಲ್ಲಿ ಕಪ್ಪು ಇ5 ಆಡಿ, ಆಮೇಲೆ ಕಾಯಿ ಹೊರಗೆ ತರುವುದರಲ್ಲಿ ಹಿಂದೆ ಬಿದ್ದು, ರಾಜನನ್ನು ನಡುವೆಯೇ ಬಿಟ್ಟಿತು. ಆ ಆಟವನ್ನು ಕಪ್ಪಿನ ಕಡೆಯಿಂದ ಕೂತು ನೋಡಿ. ಏನು ಮಾಡಬಾರದು ಅಂತ ಅದಕ್ಕಿಂತ ಚೆನ್ನಾಗಿ ಯಾರೂ ಹೇಳುವುದಿಲ್ಲ.

ಕಷ್ಟ ಎಲ್ಲಿ ಅಂದರೆ, ಬಿಳಿಗೆ ಆಯ್ಕೆ ಜಾಸ್ತಿ. ಇಟಾಲಿಯನ್, ಸ್ಪ್ಯಾನಿಷ್, ಸ್ಕಾಚ್, ವಿಯೆನ್ನಾ, ಕಿಂಗ್ಸ್ ಗ್ಯಾಂಬಿಟ್, ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಗೊತ್ತಿರಬೇಕು. ಒಂದನ್ನೇ ಆಳವಾಗಿ ಓದಿ ಮುಗಿಸುವ ಹಾಗಿಲ್ಲ.

ಶಾಲಾ ಮಟ್ಟದಲ್ಲಿ ಎಲ್ಲಕ್ಕಿಂತ ಜಾಸ್ತಿ ಸೋಲು ತರುವುದು ಇದೊಂದು. ಎರಡೂ ಕಡೆ ಕುದುರೆ ಬಂದು (ಬಿಳಿಯದ್ದು ಎಫ್3, ಕಪ್ಪಿನದ್ದು ಸಿ6), ಬಿಳಿ ಒಂಟೆ ಸಿ4ಕ್ಕೆ ಬಂತು. ಕಪ್ಪು ಎರಡನೇ ಕುದುರೆಯನ್ನು ಎಫ್6ಕ್ಕೆ ತಂದಿತು. ಬಿಳಿ ಕುದುರೆ ಜಿ5ಕ್ಕೆ ಹಾರಿತು, ಕಣ್ಣು ಎಫ್7ರ ಮೇಲೆ. ಕಪ್ಪು ಡಿ5 ತಳ್ಳಿತು, ಬಿಳಿ ಪಾನ್ ಅದನ್ನು ಹೊಡೆಯಿತು. ಇಲ್ಲಿ ಮಕ್ಕಳೆಲ್ಲ ಕೈ ಚಾಚಿ ಕುದುರೆಯಿಂದ ಡಿ5 ಹೊಡೆಯುತ್ತಾರೆ. ಬಿಳಿ ಕುದುರೆ ಎಫ್7ಕ್ಕೆ ಬೀಳುತ್ತದೆ, ರಾಜ ಹೊಡೆಯಲೇಬೇಕು, ರಾಣಿ ಎಫ್3ಕ್ಕೆ ಬಂದು ಚೆಕ್. ಡಿ5ರ ಕುದುರೆ ಉಳಿಸಿಕೊಳ್ಳಲು ರಾಜ ಇ6ಕ್ಕೆ, ಅಂದರೆ ಬೋರ್ಡಿನ ನಡುವಿಗೇ ನಡೆಯಬೇಕು. ಹೊಡೆಯುವ ಬದಲು ಸಿ6ರ ಕುದುರೆಯನ್ನು ಎ5ಕ್ಕೆ ಇಟ್ಟು ಒಂಟೆಯನ್ನು ಓಡಿಸಿದರೆ ಒಂದು ಪಾನ್ ಹೋಗುತ್ತದೆ, ಆದರೆ ಕಾಯಿಗಳು ಬೇಗ ಹೊರಗೆ ಬರುತ್ತವೆ, ಆಟ ಕಪ್ಪಿಗೂ ಚೆನ್ನಾಗಿಯೇ ಇದೆ. ಇದೆಲ್ಲ ಬೇಡ ಅನ್ನುವವರು ಮೂರನೇ ನಡೆಯಲ್ಲಿ ಕುದುರೆ ಬದಲು ಒಂಟೆಯನ್ನು ಸಿ5ಕ್ಕೆ ತನ್ನಿ. ಆಗ ಬಿಳಿ ಕುದುರೆ ಜಿ5ಕ್ಕೆ ಹಾರಿದರೆ ರಾಣಿ ಅದನ್ನು ಪುಕ್ಕಟೆ ಹೊಡೆಯುತ್ತದೆ.

ಇ5 ಮಕ್ಕಳ ಓಪನಿಂಗ್ ಅಂತ ಮೂಗು ಮುರಿಯುವವರೂ ಇದ್ದಾರೆ. 2000ದಲ್ಲಿ ಲಂಡನ್ನಿನಲ್ಲಿ ಕ್ರಾಮ್ನಿಕ್ ಇದೇ ಇ5 ಆಡಿ, ಸ್ಪ್ಯಾನಿಷ್‌ಗೆ ಬರ್ಲಿನ್ ಡಿಫೆನ್ಸ್ ಹಾಕಿ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಕಟ್ಟಿಹಾಕಿದರು. ಇಡೀ ಪಂದ್ಯದಲ್ಲಿ ಕಾಸ್ಪರೋವ್ ಅವರಿಗೆ ಒಂದೂ ಗೆಲುವು ಸಿಗಲಿಲ್ಲ, ಪಟ್ಟ ಹೋಯಿತು. ಆದರೆ ಆ ಬರ್ಲಿನ್ ನಮ್ಮ ಭಾನುವಾರದ ಟೂರ್ನಮೆಂಟ್‌ಗೆ ಹೊಂದುವುದಿಲ್ಲ. ಎಂಟನೇ ನಡೆಗೇ ರಾಣಿಗಳು ಹೋಗುತ್ತವೆ, ಗೆಲ್ಲಬೇಕಾದರೆ ಗಂಟೆಗಟ್ಟಲೆ ತಾಳ್ಮೆ ಬೇಕು, ಗಡಿಯಾರದಲ್ಲಿ ಇರುವುದು ಹದಿನೈದು ನಿಮಿಷ.

ಸಿಸಿಲಿಯನ್

ಹೆಸರಿಗೇ ಮರುಳಾಗುವವರು ಜಾಸ್ತಿ. ವಿಶ್ವ ಚಾಂಪಿಯನ್ ಆಗಿದ್ದ ಫಿಶರ್, ಕಾಸ್ಪರೋವ್ ಇಬ್ಬರ ಕೈಯಲ್ಲೂ ಸಿಸಿಲಿಯನ್ನಿನ ನೈಡೋರ್ಫ್ ಅನ್ನುವ ಕವಲು ಇತ್ತು, ಹಾಗಾಗಿ ನಮಗೂ ಅದೇ ಬೇಕು. 1995ರಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಆನಂದ್ ಎದುರು 11ನೇ ಆಟದಲ್ಲಿ ಕಾಸ್ಪರೋವ್ ಸಿಸಿಲಿಯನ್ನಿನ ಇನ್ನೊಂದು ಕವಲಾದ ಡ್ರ್ಯಾಗನ್ ತೆಗೆದು ಗೆದ್ದರು. 2018ರ ಲಂಡನ್ ಪಂದ್ಯದಲ್ಲಿ ಕರುವಾನಾ ಎದುರು ಕಾರ್ಲ್‌ಸನ್ ಕೂಡ ಸಿಸಿಲಿಯನ್ನನ್ನೇ ನಂಬಿದರು.

ಗೆಲ್ಲಲೇಬೇಕು ಅನ್ನುವವರಿಗೆ ಇದು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಸಿ ಪಾನ್ ಕೊಟ್ಟು ಬಿಳಿಯ ಡಿ ಪಾನ್ ತೆಗೆಯುತ್ತೀರಿ, ಎರಡೂ ಕಡೆಯ ಬೋರ್ಡ್ ಬೇರೆ ಬೇರೆ ಥರ ಆಗುತ್ತದೆ, ಡ್ರಾ ಕಡೆ ಸುಲಭವಾಗಿ ಜಾರುವುದಿಲ್ಲ. ಸಿ ಸಾಲಿನಲ್ಲಿ ಆನೆ, ಎ6, ಬಿ5 ಅಂತ ಪಾನ್ ಮುನ್ನುಗ್ಗಿಸುವುದು, ಇದೆಲ್ಲ ಕೈಗೆ ಹತ್ತಿದರೆ ಬಿಡಲು ಮನಸ್ಸಾಗುವುದಿಲ್ಲ.

ತಕರಾರು ಇರುವುದು ಎರಡು ಕಡೆ. ಡ್ರ್ಯಾಗನ್‌ನಲ್ಲಿ ಬಿಳಿ ಒಂಟೆ ಇ3, ಎಫ್3, ರಾಣಿ ಡಿ2, ರಾಣಿಯ ಕಡೆ ಕ್ಯಾಸಲಿಂಗ್, ಆಮೇಲೆ ಎಚ್4, ಎಚ್5 ಅಂತ ಕಣ್ಣು ಮುಚ್ಚಿಕೊಂಡು ಆಡಬಹುದು, ಕಪ್ಪು ಮಾತ್ರ ಒಂದೊಂದು ನಡೆಯನ್ನೂ ಲೆಕ್ಕ ಹಾಕಬೇಕು. ಒಂದು ನಡೆ ತಡ ಆದರೆ ರಾಜನಿಗೆ ಮೇಟ್. ನೈಡೋರ್ಫ್‌ನಲ್ಲೂ ಅಷ್ಟೇ. ಬಿ2ರ ಪಾನ್ ತಿನ್ನುವ ಪಾಯಿಸನ್ಡ್ ಪಾನ್‌ನಲ್ಲಿ 1972ರ ರೇಕ್ಯಾವಿಕ್‌ನ ವಿಶ್ವ ಪಟ್ಟದ ಪಂದ್ಯದ 11ನೇ ಆಟದಲ್ಲಿ ಸ್ವತಃ ಫಿಶರ್ ಸ್ಪಾಸ್ಕಿಗೆ ಸೋತರು. ಅವರಿಗೇ ಹಾಗಾದರೆ ವಾರಕ್ಕೆ ಎರಡು ತಾಸು ಓದುವವರ ಗತಿ?

ಎರಡನೆಯದು ಇನ್ನೂ ಬೇಜಾರಿನದು. ಇಷ್ಟೆಲ್ಲ ಓದಿಕೊಂಡು ಹೋದರೆ ನಮ್ಮ ಕಡೆಯ ಬಿಳಿ ಆಟಗಾರರು ಅದನ್ನು ಆಡಲು ಬಿಡುವುದೇ ಇಲ್ಲ. ಎರಡನೇ ನಡೆಗೇ ಒಂಟೆ ಸಿ4. ಇಲ್ಲಾ ಸಿ3 ಅಲಾಪಿನ್. ಇಲ್ಲಾ ಡಿ4 ತಳ್ಳಿ ಪಾನ್ ಕೊಡುವ ಸ್ಮಿತ್-ಮೋರಾ. ಇಲ್ಲಾ ಕುದುರೆ ಸಿ3, ಹಿಂದೆಯೇ ಎಫ್4. ಹಾಗಾಗಿ ಸಿಸಿಲಿಯನ್ ಶುರು ಮಾಡುವವರು ನೈಡೋರ್ಫ್‌ನ ಹದಿನೈದನೇ ನಡೆ ಬಿಟ್ಟು ಮೊದಲು ಇವಕ್ಕೆ ಉತ್ತರ ಕಲಿಯಬೇಕು. ಒಂಟೆ ಸಿ4ಕ್ಕೆ ಬಂದರೆ ಇ6 ಆಡಿ, ಮುಂದೆ ಡಿ5 ತಳ್ಳಿ ಅದನ್ನು ಓಡಿಸುವುದು, ಸುಲಭ. ಸಿ3ಗೆ ಕುದುರೆ ಎಫ್6, ಇಲ್ಲಾ ಸೀದಾ ಡಿ5. ಇಷ್ಟು ಗೊತ್ತಿದ್ದರೆ ತಾಲೂಕು ಮಟ್ಟದಲ್ಲಿ ಅರ್ಧ ಕೆಲಸ ಆಯಿತು.

ಹೈಸ್ಕೂಲಿನ ಹುಡುಗ ಹುಡುಗಿಯರಿಗೆ, ದಿನಾ ಕೂರುವ ಹಟ ಇದ್ದವರಿಗೆ, ಸೋತರೆ ಬೇಜಾರಾಗಿ ಬಿಡದವರಿಗೆ ಸಿಸಿಲಿಯನ್ ಸರಿ. ಉಳಿದವರು ಇದರ ಆಟಗಳನ್ನು ನೋಡಿ ಖುಷಿಪಡಲಿ, ಸಾಕು.

ಕಾರೋ-ಕಾನ್

ದೊಡ್ಡವರು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಕಾರೋ ಮತ್ತು ಕಾನ್ ಅನ್ನುವ ಇಬ್ಬರು 1886ರಲ್ಲಿ ಇದರ ವಿಶ್ಲೇಷಣೆ ಬರೆದರು, ಹೆಸರು ಅಲ್ಲಿಂದ ಬಂತು. 1960 ಮತ್ತು 1961ರ ವಿಶ್ವ ಪಟ್ಟದ ಪಂದ್ಯಗಳಲ್ಲಿ ತಾಲ್ ಅವರಂಥ ದಾಳಿಕೋರರ ಎದುರು ಬೋತ್ವಿನಿಕ್ ಇದನ್ನು ಮತ್ತೆ ಮತ್ತೆ ಆಡಿದರು, ಮುಂದೆ ಕಾರ್ಪೋವ್ ಕೈಯಲ್ಲಿ ಇದು ಇನ್ನಷ್ಟು ಗಟ್ಟಿಯಾಯಿತು. ಇಬ್ಬರೂ ಅವಸರದವರಲ್ಲ, ಗಮನಿಸಿ.

ಸಿ6, ಆಮೇಲೆ ಡಿ5. ಸಿ8ರ ಒಂಟೆ ಪಾನ್ ಸಾಲಿನ ಹೊರಗೆ ಬಂದ ಮೇಲೆ ಇ6. ಇದಿಷ್ಟು ಚೌಕಟ್ಟು. ಬಿಳಿ ಏನೇ ಆಡಿದರೂ ಹೆಚ್ಚುಕಡಿಮೆ ಇದೇ ಥರದ ಬೋರ್ಡ್ ಬರುತ್ತದೆ, ಹಾಗಾಗಿ ಓದಿದ್ದು ದಂಡವಾಗುವುದು ಕಡಿಮೆ. ಒಂದು ನಡೆ ಮರೆತರೂ ಸಾಮಾನ್ಯವಾಗಿ ಬದುಕಬಹುದು. ಎಂಡ್‌ಗೇಮ್ ಇಷ್ಟ ಇದ್ದವರಿಗಂತೂ ಹೇಳಿ ಮಾಡಿಸಿದ್ದು.

ಸಾಮಾನ್ಯವಾಗಿ ಅಂದೆ, ಯಾವಾಗಲೂ ಅನ್ನಲಿಲ್ಲ. ಡಿ4, ಡಿ5 ಆಗಿ, ಬಿಳಿ ಕುದುರೆ ಸಿ3, ಕಪ್ಪು ಇ4 ಹೊಡೆದು, ಕುದುರೆ ವಾಪಸ್ ಹೊಡೆದ ಜಾಗಕ್ಕೆ ಬನ್ನಿ. ಇಲ್ಲಿ ಕಪ್ಪು ಬಿ8ರ ಕುದುರೆಯನ್ನು ಡಿ7ಕ್ಕೆ ತರುವ ದಾರಿ ಇದೆ. ಬಿಳಿ ಏನೂ ಅರಿಯದವರಂತೆ ರಾಣಿಯನ್ನು ಇ2ಕ್ಕೆ ಇಡುತ್ತದೆ. ಕಪ್ಪು ಯೋಚಿಸದೆ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದರೆ ಬಿಳಿ ಕುದುರೆ ಡಿ6ಕ್ಕೆ, ಮೇಟ್! ಇ7ರ ಪಾನ್ ಹೊಡೆಯುವ ಹಾಗಿಲ್ಲ, ಹಿಂದೆ ರಾಜ, ಎದುರು ರಾಣಿ. ಆರೇ ನಡೆ. 1997ರ ಮೇ 11ರಂದು ನ್ಯೂಯಾರ್ಕಿನಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ಎದುರು ಕಾಸ್ಪರೋವ್ ಕೊನೆಯ ಆಟ ಸೋತದ್ದೂ ಕುದುರೆ ಡಿ7ರ ಇದೇ ದಾರಿಯಲ್ಲಿ. ಏಳನೇ ನಡೆಗೆ ಎಚ್6 ಆಡಿದರು, ಕಂಪ್ಯೂಟರ್ ಕುದುರೆ ಕೊಟ್ಟು ಇ6 ಹೊಡೆಯಿತು, 19 ನಡೆಗೆ ಆಟ ಮುಗಿಯಿತು. ಈ ಆಟವನ್ನು ಒಂದು ಸಲ ಕೂತು ನೋಡಿ. ಗಟ್ಟಿ ಓಪನಿಂಗ್ ಅಂದರೆ ನಿದ್ದೆ ಮಾಡಿಕೊಂಡು ಆಡಬಹುದು ಅಂತ ಅಲ್ಲ. ಹೊಸಬರು ಆ ಜಾಗದಲ್ಲಿ ಕುದುರೆ ಬದಲು ಒಂಟೆ ಎಫ್5 ಆಡಲಿ, ದಾರಿ ನೇರ.

ಇನ್ನೊಂದು ಕಡೆ ಎಚ್ಚರ ಬೇಕು. ಬಿಳಿ ಮೂರನೇ ನಡೆಗೆ ಇ5 ತಳ್ಳಿದಾಗ ಒಂಟೆ ಎಫ್5ಕ್ಕೆ ಬರುತ್ತದೆ. ಈಗಿನ ಹುಡುಗರು ತಕ್ಷಣ ಎಚ್4 ಆಡುತ್ತಾರೆ. ಕಪ್ಪು ಅಭ್ಯಾಸ ಬಲದಿಂದ ಇ6 ಆಡಿದರೆ ಜಿ4. ಒಂಟೆ ಇ4ಕ್ಕೆ ಓಡಿದರೆ ಎಫ್3, ಜಿ6ಕ್ಕೆ ಬಂದರೆ ಎಚ್5. ಒಂಟೆ ಹೋಯಿತು. ಎಚ್4 ಕಂಡಾಗ ಎಚ್5 ಆಡಿ ಜಿ4ನ್ನು ತಡೆಯಿರಿ.

ಕೊರತೆ ಇಲ್ವಾ? ಇದೆ. ಕಡಿಮೆ ರೇಟಿಂಗಿನವರು ಇ ಪಾನ್, ಡಿ ಪಾನ್ ಬದಲಾಯಿಸಿಕೊಂಡು ಸುಮ್ಮನೆ ಕೂತರೆ ಗೆಲುವು ತೆಗೆಯಲು ಬೆವರು ಸುರಿಸಬೇಕು. ಏಳು ರೌಂಡಿನಲ್ಲಿ ಐದೂವರೆ ಆರು ಪಾಯಿಂಟ್ ಬೇಕು ಅನ್ನುವವರಿಗೆ ಇದು ಕಿರಿಕಿರಿ. ಸಿ4 ತಳ್ಳುವ ಪಾನೋವ್ ಬಂದರೆ ಆಟ ಬೇರೆಯೇ ಥರ ಆಗುತ್ತದೆ, ಡಿ4ರಲ್ಲಿ ಒಂಟಿಯಾದ ಬಿಳಿ ಪಾನ್ ಎದುರು ಹೇಗೆ ಆಡಬೇಕು ಅಂತ ಪ್ರತ್ಯೇಕ ಕಲಿಯಬೇಕು. ಚಿಕ್ಕ ಮಕ್ಕಳಿಗೆ ಕೊಡಬೇಡಿ ಅನ್ನುವುದು ಬೇರೆ ಕಾರಣಕ್ಕೆ. ಅವರು ಸೋಲುವುದಿಲ್ಲ, ಆದರೆ ದಾಳಿ ಮಾಡುವುದನ್ನೂ ಕಲಿಯುವುದಿಲ್ಲ.

ಫ್ರೆಂಚ್

1834ರಲ್ಲಿ ಲಂಡನ್ ಮತ್ತು ಪ್ಯಾರಿಸ್ ನಗರಗಳ ನಡುವೆ ಪತ್ರದ ಮೂಲಕ ನಡೆದ ಪಂದ್ಯದಲ್ಲಿ ಪ್ಯಾರಿಸ್ಸಿನವರು ಆಡಿದ್ದರಿಂದ ಈ ಹೆಸರು. ಹಳೇ ಕಾಲದ್ದು ಅಂದುಕೊಳ್ಳಬೇಡಿ. 2024ರ ಸಿಂಗಪುರ ವಿಶ್ವ ಚಾಂಪಿಯನ್‌ಶಿಪ್‌ನ ಮೊದಲ ಆಟದಲ್ಲೇ ಗುಕೇಶ್ ಇ4 ಆಡಿದರು, ಡಿಂಗ್ ಲಿರೆನ್ ಫ್ರೆಂಚ್ ಆಡಿ ಕಪ್ಪಿನಲ್ಲಿ ಗೆದ್ದರು. ಕೊನೆಗೆ ಪಟ್ಟ ಗುಕೇಶ್‌ಗೇ ಬಂತು, ಆ ಮಾತು ಬೇರೆ.

ಕಾರೋ-ಕಾನ್‌ಗೂ ಇದಕ್ಕೂ ವ್ಯತ್ಯಾಸ ಒಂದೇ ಕಾಯಿಯಲ್ಲಿದೆ. ಇ6 ಮೊದಲೇ ಆಡುವುದರಿಂದ ಸಿ8ರ ಒಂಟೆ ಒಳಗೇ ಉಳಿಯುತ್ತದೆ, ಮಳೆಗಾಲದಲ್ಲಿ ಘಟ್ಟದ ಮೇಲೆ ಸಿಕ್ಕಿಬಿದ್ದ ಬಸ್ಸಿನ ಹಾಗೆ ಹಿಂದೂ ಇಲ್ಲ ಮುಂದೂ ಇಲ್ಲ. ಅದನ್ನು ಸಹಿಸಿಕೊಂಡರೆ ಬದಲಿಗೆ ಸಿಗುವುದು ಸ್ಪಷ್ಟ ಗುರಿ: ಸಿ5 ತಳ್ಳು, ಡಿ4ರ ಮೇಲೆ ಎಲ್ಲ ಕಾಯಿ ತಿರುಗಿಸು. ಮುಂದೇನು ಅಂತ ತಿಳಿಯದೆ ಸೋಲುವವರಿಗೆ ಇದು ಔಷಧಿಯಂತೆಯೇ ಕೆಲಸ ಮಾಡುತ್ತದೆ.

ಬಿಳಿ ಇ5 ತಳ್ಳಿದಾಗ ನಡೆಯುವುದು ಹೀಗೆ. ಸಿ5, ಸಿ3, ಕುದುರೆ ಸಿ6, ಕುದುರೆ ಎಫ್3, ರಾಣಿ ಬಿ6. ಬಿಳಿ ಒಂಟೆ ಡಿ3ಕ್ಕೆ ಬರುತ್ತದೆ. ಡಿ4ರಲ್ಲಿ ಪಾನ್ ಬದಲಾದ ಮೇಲೆ ಆ ಪಾನ್ ಪುಕ್ಕಟೆ ಇದ್ದ ಹಾಗೆ ಕಾಣುತ್ತದೆ, ಆಸೆಗೆ ಬಿದ್ದು ಕುದುರೆಯಿಂದ ಹೊಡೆದರೆ ಕುದುರೆ ಬದಲಾಗಿ ನಿಮ್ಮ ರಾಣಿ ಡಿ4ಕ್ಕೆ ಬರುತ್ತದೆ, ಆಗ ಒಂಟೆ ಬಿ5ಕ್ಕೆ ಹಾರಿ ಚೆಕ್, ಹಿಂದಿನಿಂದ ಬಿಳಿ ರಾಣಿ ನಿಮ್ಮ ರಾಣಿಯನ್ನು ಹೊಡೆಯುತ್ತದೆ. ಹೊಡೆಯುವ ಮೊದಲು ಒಂಟೆ ಡಿ7 ಆಡಿಕೊಂಡರೆ ಆ ಚೆಕ್ ಇಲ್ಲ. ಈ ಒಂದು ಜಾಗ ಅರ್ಥವಾದರೆ ಫ್ರೆಂಚ್‌ನ ಗುಟ್ಟು ಮುಕ್ಕಾಲು ಅರ್ಥವಾದಂತೆ.

ಇಕ್ಕಟ್ಟಿನ ಜಾಗದಲ್ಲಿ ಆಡಲು ಇಷ್ಟವಿಲ್ಲದವರು ಇತ್ತ ತಲೆ ಹಾಕಬೇಡಿ. ಬಿಳಿ ಮೂರನೇ ನಡೆಗೇ ಪಾನ್ ಬದಲಾಯಿಸಿಬಿಟ್ಟರೆ ಎರಡೂ ಕಡೆ ಒಂದೇ ಥರ ಆಗಿ ಆಟ ಸಪ್ಪೆಯಾಗುತ್ತದೆ ಅನ್ನುವುದೂ ನಿಜ. ಆದರೆ ಆಗ ಸಿಕ್ಕಿಬಿದ್ದ ಒಂಟೆಯೂ ಬಿಡುಗಡೆ.

ಸ್ಕ್ಯಾಂಡಿನೇವಿಯನ್, ಅಂದರೆ ಮೊದಲ ನಡೆಗೇ ಡಿ5, ಅದರ ಬಗ್ಗೆಯೂ ಕೇಳುತ್ತಾರೆ. 1979ರಲ್ಲಿ ಮಾಂಟ್ರಿಯಲ್‌ನಲ್ಲಿ ಲಾರ್ಸನ್ ಇದನ್ನಾಡಿ ಕಾರ್ಪೋವ್ ಅವರನ್ನು ಸೋಲಿಸಿದರು, 1995ರಲ್ಲಿ ಆನಂದ್ ಆಡಿ ಕಾಸ್ಪರೋವ್‌ಗೆ ಸೋತರು. ನಾಡಿದ್ದೇ ಟೂರ್ನಮೆಂಟ್ ಇದೆ, ಏನೂ ಓದಿಲ್ಲ ಅನ್ನುವವರಿಗೆ ಪರವಾಗಿಲ್ಲ. ರಾಣಿ ಬೇಗ ಹೊರಗೆ ಬಂದು ಓಡಾಡುವುದು ಮಕ್ಕಳಿಗೆ ಕೆಟ್ಟ ಅಭ್ಯಾಸ, ಅದಕ್ಕೇ ನಾನು ಹೇಳುವುದಿಲ್ಲ.

ಯಾರಿಗೆ ಯಾವುದು, ಎಷ್ಟು ಖರ್ಚು

ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟಿಂಗ್ 2024ರ ಮಾರ್ಚ್‌ನಿಂದ 1400ರಿಂದ ಶುರು. ಅದಿನ್ನೂ ಬಂದಿಲ್ಲದ ಮಗುವಿಗೆ ಓಪನಿಂಗ್ ಮೇಲೆ ದುಡ್ಡು ಹಾಕಬೇಡಿ. ಇ5 ಕಲಿಸಿ, ಮೇಲೆ ಹೇಳಿದ ಜಿ5 ಕುದುರೆಯ ಉತ್ತರ ಕಲಿಸಿ, ಲಿಚೆಸ್ ಪೂರ್ತಿ ಉಚಿತ, ಅದು ಸಾಕು. ಕೋಚ್‌ಗೆ ಕೊಡುವ ದುಡ್ಡು ಇದ್ದರೆ ಓಪನಿಂಗ್ ಪಾಠಕ್ಕೆ ಕೊಡುವ ಬದಲು ಸೋತ ಆಟಗಳನ್ನು ಜೊತೆಗೆ ಕೂತು ನೋಡಲು ಕೊಡಿ. ಒಳ್ಳೆಯ ಕೋಚ್ ಆ ಆಟಗಳನ್ನು ತಾನೇ ಕೇಳಿ ಪಡೆಯುತ್ತಾರೆ. ಮೊದಲ ಕ್ಲಾಸಿನಲ್ಲೇ "ಎಲ್ಲರೂ ಇದನ್ನೇ ಆಡಿ" ಅಂತ ಒಂದೇ ಓಪನಿಂಗ್ ಹಂಚುವವರ ಹತ್ತಿರ ಸ್ವಲ್ಪ ಯೋಚಿಸಿ.

ಕೆಲಸ, ತೋಟ, ಸಂಸಾರ ಅಂತ ಇರುವವರಿಗೆ ಕಾರೋ-ಕಾನ್. ಚೆಸ್ ಕೋರ್ಸ್‌ಗಳ ವೆಬ್‌ಸೈಟ್ ಚೆಸೆಬಲ್‌ನಲ್ಲಿ ಶಾರ್ಟ್ ಅಂಡ್ ಸ್ವೀಟ್ ಅನ್ನುವ ಚಿಕ್ಕ ಕೋರ್ಸ್‌ಗಳು ಉಚಿತವಾಗಿವೆ, ಒಂದು ಮಳೆಗಾಲಕ್ಕೆ ಅಷ್ಟು ಬೇಕಾದಷ್ಟಾಯಿತು. ಕರೆಂಟು, ನೆಟ್‌ವರ್ಕ್ ಎರಡೂ ಹೋದ ದಿನ ಎಕ್ಸ್‌ಪ್ಲೋರರ್ ತೆರೆಯುವುದಿಲ್ಲ, ಸ್ಟಾಕ್‌ಫಿಶ್ ಮಾತ್ರ ಫೋನಿನ ಒಳಗೇ ಓಡುತ್ತದೆ, ಹಾಗಾಗಿ ನೆಟ್ ಇದ್ದಾಗ ನಾಲ್ಕೈದು ಆಟಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡರೆ ಒಳ್ಳೆಯದು. ಸಿಸಿಲಿಯನ್ ಆರಿಸಿಕೊಂಡವರಿಗೆ ಒಂದು ಒಳ್ಳೆಯ ಪುಸ್ತಕವೋ ದುಡ್ಡಿನ ಕೋರ್ಸೋ ಬೇಕೇ ಬೇಕಾಗುತ್ತದೆ, ವಿದೇಶಿ ಪುಸ್ತಕ ಸಾವಿರ ರೂಪಾಯಿಗೆ ಕಡಿಮೆ ಸಿಗುವುದು ಅಪರೂಪ, ಜೊತೆಗೆ ಅದು ಹಳೆಯದೂ ಆಗುತ್ತದೆ. ಫ್ರೆಂಚ್ ಹಾಗಲ್ಲ, ಹಳೇ ಪುಸ್ತಕ ಸಿಕ್ಕರೂ ಅದರಲ್ಲಿನ ವಿಚಾರ ಈಗಲೂ ನಡೆಯುತ್ತದೆ.

ಇನ್ನೊಂದು ಲೆಕ್ಕ ಹೆಚ್ಚಿನವರು ಹಾಕುವುದಿಲ್ಲ: ಬಿಳಿ ಡಿ4 ಆಡಿದರೆ? ಕಾರೋ-ಕಾನ್ ಆಡುವವರು ಡಿ5, ಸಿ6 ಅಂತ ಸ್ಲಾವ್ ಅನ್ನುವ ಓಪನಿಂಗ್ ಆಡಬಹುದು, ಪಾನ್ ಸಾಲು ಪರಿಚಯದ್ದೇ. ಫ್ರೆಂಚ್‌ನವರು ಡಿ4ಕ್ಕೂ ಇ6 ಆಡಲಿ, ಬಿಳಿ ಇ4 ತಳ್ಳಿದರೆ ಮತ್ತೆ ಫ್ರೆಂಚ್, ಸಿ4 ತಳ್ಳಿದರೆ ಡಿ5 ಆಡಿ ಕ್ವೀನ್ಸ್ ಗ್ಯಾಂಬಿಟ್. ಈಗ ಮಕ್ಕಳಲ್ಲಿ ಜೋರಾಗಿರುವ, ಬಿಳಿ ಡಿ4 ಆಡಿ ಶುರು ಮಾಡುವ ಲಂಡನ್ ಸಿಸ್ಟಮ್‌ಗೂ ಈ ಎರಡೂ ನಡೆಯುತ್ತವೆ. ಇ5, ಸಿಸಿಲಿಯನ್ ಆರಿಸಿದವರಿಗೆ ಈ ಸೌಕರ್ಯ ಇಲ್ಲ, ಡಿ4ಗೆ ಬೇರೆಯೇ ಕಲಿಯಬೇಕು. ವಾರಕ್ಕೆ ಎರಡು ತಾಸು ಇರುವವರಿಗೆ ಇದೊಂದೇ ಕಾರಣ ಸಾಕು ತೀರ್ಮಾನಕ್ಕೆ.

ಆರಿಸಿದ ಮೇಲೆ ಆರು ತಿಂಗಳು ಬದಲಿಸಬೇಡಿ. ಎರಡು ಆಟ ಸೋತ ಕೂಡಲೇ ಬದಲಿಸುವ ಚಾಳಿ ನಮ್ಮಲ್ಲಿ ಬಹಳ ಇದೆ. ಬದಲಿಸಲೇಬೇಕು ಅನ್ನಿಸಿದಾಗ ಸೋತ ಆಟಗಳನ್ನು ಮತ್ತೆ ಅದೇ ಮೂರು ಗುಂಪು ಮಾಡಿ. ಹನ್ನೆರಡು ನಡೆಯ ಒಳಗಿನ ಸೋಲು ಕಡಿಮೆಯಾಗಿದ್ದು, ಆಮೇಲಿನ ಬೋರ್ಡ್ ನೋಡಿದರೆ ಮಾತ್ರ ಈಗಲೂ ಆಡಲು ಮನಸ್ಸೇ ಬರುವುದಿಲ್ಲ ಅಂತಾದರೆ ಬದಲಿಸಿ, ತಪ್ಪಿಲ್ಲ. ಬೇಸಿಗೆ ರಜೆಯಲ್ಲಿ ಬದಲಿಸಿದರೆ ಮುಂದಿನ ಟೂರ್ನಮೆಂಟ್‌ಗಳ ಮೊದಲು ಫೋನಿನಲ್ಲಿ ನೂರಾರು ಆಟ ಆಡಿ ನೋಡಲು ಟೈಮ್ ಸಿಗುತ್ತದೆ, ಅದರಲ್ಲೂ ಹತ್ತು ನಿಮಿಷದ ಆಟಗಳೇ ಇರಲಿ, ಮೂರು ನಿಮಿಷದ ಬ್ಲಿಟ್ಜ್‌ನಲ್ಲಿ ಓಪನಿಂಗ್ ತಲೆಗೆ ಹತ್ತುವುದಿಲ್ಲ.